ಹಲ್ಲು ತುಂಬುವ ಡಾಕ್ಟರಮ್ಮನ ಸಿಟ್ಟು

ನಾನು ಸಹಾಯಕಿಯಾಗಿರುವ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಯಾರಾದರೂ "ಬೇಗ ಮುಗಿಸಿ ಮೇಡಂ" ಎಂದರೆ ಅವರ ಕಥೆ ಮುಗಿದಂತೆ. "ಹಲ್ಲೇನು ಗೋಡೆ ತೂತೇನ್ರೀ, ಒಂದೇ ಸಲ ಮೆತ್ತಿ ಕಳಿಸೋಕೆ?" ಎಂದು ಗುಡುಗುತ್ತಾರೆ. ಹುಳುಕು ತೆಗೆದ ಕುಳಿಗೆ ರೆಸಿನ್ ಎಂಬ ಹಲ್ಲಿನ ಬಣ್ಣದ ಮೆತ್ತನೆ ಅಂಟನ್ನು ತೆಳ್ಳಗೆ ಪದರ ಪದರವಾಗಿ ಹಚ್ಚಿ, ಒಂದೊಂದನ್ನೂ ನೀಲಿ ಬೆಳಕು ಹಿಡಿದು ಗಟ್ಟಿ ಮಾಡುತ್ತಾರೆ. ಗಟ್ಟಿಯಾಗುವಾಗ ಅದು ಕುಗ್ಗುತ್ತದೆ; ಒಟ್ಟಿಗೆ ತುಂಬಿಬಿಟ್ಟರೆ ಹಲ್ಲನ್ನು ಒಳಕ್ಕೆ ಜಗ್ಗಿ ಬಿರುಕು ಬಿಡಿಸಲೂಬಹುದು. ಪಕ್ಕದ ಕುರ್ಚಿಯಲ್ಲಿ ಹಾಗೆ ಒಂದೇ ಏಟಿಗೆ ತುಂಬಿ ಕಳಿಸುವವರು ಅವರ ಯಜಮಾನರೇ; ಅವರೂ ಹಲ್ಲಿನ ಡಾಕ್ಟರು. ಅಂಥ ಹಲ್ಲು ನೋವೆಂದು ಯಾರಾದರೂ ವಾಪಸು ಬಂದರೆ ಡಾಕ್ಟರಮ್ಮ ಪರದೆ ಸರಿಸಿ, ಎಲ್ಲರೆದುರೇ "ನೋಡಿ ನಿಮ್ಮ ಘನಕಾರ್ಯ! ಯಾವ ರೈಲು ತಪ್ಪಿಹೋಗ್ತಿತ್ತು ನಿಮಗೆ?" ಎಂದು ಗಂಡನ ನೀರಿಳಿಸುತ್ತಾರೆ. ಆ ಸಾಧು ಮನುಷ್ಯ ತಲೆ ತಗ್ಗಿಸಿ ಕನ್ನಡಕ ಒರೆಸಿಕೊಳ್ಳುತ್ತಾರೆ. ಮೊನ್ನೆ ನಾವಿಬ್ಬರೇ ಊಟಕ್ಕೆ ಕೂತಾಗ, ಡಾಕ್ಟರಮ್ಮ ಪ್ರತಿ ತುತ್ತನ್ನೂ ಎಡದವಡೆಯಲ್ಲೇ ಅಗಿಯುವುದು ಕಂಡಿತು. "ಬಲಗಡೆ ನೋವಾ ಮೇಡಂ?" ಎಂದೆ. ಕಣ್ಣು ಕೆಕ್ಕರಿಸಿದರು. "ಮದುವೆಯಾದ ಹೊಸದರಲ್ಲಿ ಅವರು ತುಂಬಿದ ಹಲ್ಲು, ಬಿರುಕು ಬಿಟ್ಟಿದೆ. ಈ ಮಾತು ಅವರ ಕಿವಿಗೆ ಬಿತ್ತೋ, ನಿನ್ನ ಹಲ್ಲು ಕಿತ್ತು ಕೈಗೆ ಕೊಡ್ತೀನಿ!"