ಮುಚ್ಚಿಟ್ಟ ಎರಡು ವರ್ಷದ ಬೆಲೆ

ರೇಷ್ಮೆ ಸಾರ್ ಎಡಗಣ್ಣು ಪೂರ್ತಿ ತೆರೀತಾನೇ ಇರ್ಲಿಲ್ಲ. ಮೂವತ್ತು ವರ್ಷ ಸರ್ಕಾರಿ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಆ ಕಣ್ಣು ಮುಚ್ಕೊಂಡು ಇನ್ನೊಂದರಲ್ಲಿ ಮೈಕ್ರೋಸ್ಕೋಪ್ ನೋಡಿ ನೋಡಿ ರೆಪ್ಪೆ ಹಂಗೇ ನಿಂತ್‌ಬುಟ್ಟಿತ್ತು. ನಮ್ಮನ್ನೂ ಗಾಜಿನ ಮೇಲಿಟ್ಟು ನೋಡ್ತಿದಾರೇನೋ ಅನ್ಸೋದು.

ಮೊಟ್ಟೆ ಇಟ್ಟ ಚಿಟ್ಟೇನ ಅರೆದು ರೋಗ ಇದ್ಯಾ ಅಂತ ನೋಡೋದು ಅವರ ಕೆಲಸ. ಒಂದು ಚುಕ್ಕೆ ಗಂಟುರೋಗ ಕಂಡ್ರೂ ಮೊಟ್ಟೆ ಪೂರ್ತಿ ಬೆಂಕಿಗೆ. "ಪಾಪ ಅಂದ್ರೆ ಊರಿನ್ ಹುಳ ಎಲ್ಲಾ ಸಾಯ್ತವೆ ಕಣಯ್ಯ" ಅನ್ನೋರು.

ತೊಂಬತ್ತರ ದಶಕದ ಕೊನೇಲಿ ರಿಟೈರಾಗಿ ಶ್ರೀರಾಂಪುರದ ಮನೇಲಿ ಕಂಪ್ಯೂಟರ್ ತಂದಿಟ್ಕೊಂಡ್ರು. ಹುಳದ ತಳಿ ಮಾಡ್ದಂಗೇ ಶೇರು ವ್ಯಾಪಾರದ ರೂಲುಗಳ ತಳಿ ಮಾಡ್ಬೇಕಂತೆ! ಸರಸ್ವತಿಪುರಂ ಟ್ಯುಟೋರಿಯಲ್ಲಲ್ಲಿ ಪ್ರೋಗ್ರಾಮಿಂಗ್ ಹೇಳ್ಕೊಡ್ತಿದ್ದ ನನ್ನನ್ನ ಹಿಡ್ಕೊಂಡ್ರು.

ಇನ್ನೂರು ರೂಲು. ಬೆಲೆ ಹತ್ತು ದಿನದ ಸರಾಸರಿ ದಾಟಿದ್ರೆ ತಗೋ, ಇಷ್ಟು ಬಿದ್ರೆ ಮಾರು, ಈ ಥರದ್ದು. ಹಳೇ ಬೆಲೆ ಮೇಲೆ ಓಡ್ಸೋದು, ಸೋತವನ್ನ ಅಳಿಸೋದು. ಗೆದ್ದವನ್ನ ಜೋಡಿ ಮಾಡಿ, ಇದರರ್ಧ ಅದರರ್ಧ ಸೇರ್ಸಿ ಮರಿ ಮಾಡೋದು. ಮತ್ತೆ ಓಡ್ಸೋದು. ಕೊನೇ ಎರಡು ವರ್ಷದ ಬೆಲೇನ ಮಾತ್ರ ಸಾರ್ ಫ್ಲಾಪೀಲಿ ಹಾಕಿ ಬೀರೂಲಿ ಬೀಗ ಹಾಕಿಟ್ಟಿದ್ರು. ಮರಿ ಆ ಬೆಲೆ ನೋಡಿರ್ಬಾರ್ದು. ಬೆಳೆದ್ಮೇಲೆ ಅದರ ಮೇಲೇ ಪರೀಕ್ಷೆ.

ಎಂಟು ತಿಂಗಳು ಒಂದೂ ಪಾಸಾಗ್ಲಿಲ್ಲ. ಪ್ರತಿ ಶನಿವಾರ ನನ್ನ ಪ್ರಿಂಟೌಟ್ ಹರಿದು ಬುಟ್ಟಿಗೆ. "ನಿನ್ನನ್ನೇ ಓಡ್ಸಿದ್ರೆ ಮೊದಲ್ನೇ ಸುತ್ತಲ್ಲೇ ಅಳ್ಸಿಹೋಗ್ತೀಯ" ಅಂದ್ರು ಒಂದಿನ, ಅವರ ಹೆಂಡ್ತಿ ಕಾಫಿ ಕೊಡ್ತಿರುವಾಗ್ಲೇ.

ಪೇಪರ್ ನೋಡಿ ಆ ಬೆಲೆಗಳನ್ನೆಲ್ಲಾ ಟೈಪ್ ಮಾಡಿದ್ದು ನಾನೇ. ಮುಚ್ಚಿಟ್ಟ ಎರಡು ವರ್ಷದ ಕಾಪಿ ನನ್ ಹತ್ರ ಇತ್ತು. ಅದನ್ನೂ ಸೇರ್ಸಿ ಮರಿ ಬೆಳೆಸ್ದೆ. ಒಂದ್ಸಲ ಅವರ ಬಾಯಲ್ಲಿ ಭೇಷ್ ಅನ್ನಿಸ್ಕೋಬೇಕಿತ್ತು, ಅಷ್ಟೇ.

ಪರೀಕ್ಷೇಲಿ ರೂಲು ಭರ್ಜರಿ ಗೆಲ್ತು. ಸಾರ್ ತುಂಬಾ ಹೊತ್ತು ಪ್ರಿಂಟೌಟ್ ನೋಡಿದ್ರು.

"ಇಷ್ಟ್ ಚೆನ್ನಾಗಿ ಯಾವ ತಳೀನೂ ಗೂಡು ಕಟ್ಟಲ್ವಲ್ಲೋ. ಏನಾದ್ರೂ ಹೇಳೋದಿದ್ಯಾ?"

"ಇಲ್ಲ ಸಾರ್."

"ಸರಿ. ನಿನ್ ದುಡ್ಡೇ ಹಾಕು."

ಹಾಕಿದ್ದೂ ಆಯ್ತು. ಅಷ್ಟರಲ್ಲಿ ರೂಲು ಗೆದ್ದ ವಿಷ್ಯ ನಮ್ಮಕ್ಕಂಗೆ ಗೊತ್ತಾಯ್ತು. ಅಶೋಕಪುರಂನಲ್ಲಿ ಇನ್ನೊಬ್ರ ಅಂಗ್ಡೀಲಿ ಬ್ಲೌಸ್ ಹೊಲೀತಿದ್ಲು. ಸ್ವಂತ ಅಂಗ್ಡಿ ಹಾಕೋಕೆ ಅಂತ ವರ್ಷಗಟ್ಲೆ ಕೂಡಿಟ್ಟಿದ್ದು ತಗೊಂಡು ಸೀದಾ ಸಾರ್ ಮನೇಗೇ ಬಂದ್ಲು.

"ಸಾರ್, ನಾನೂ ಹಾಕ್ಬೋದಾ?"

ಸಾರ್ ನನ್ ಕಡೆ ತಿರುಗಿದ್ರು. "ನಿಮ್ ತಮ್ಮನ್ನ ಕೇಳಿ ಕಣಮ್ಮ. ಏನಯ್ಯಾ, ಹಾಕ್ಬೋದಾ?"

ಬಾಯ್ಬಿಡೋಕೆ ಅದೊಂದು ನಿಮಿಷ ಇತ್ತು ನಂಗೆ.

"ಹಾಕಕ್ಕ" ಅಂದೆ.

ರೂಲು ಆ ಎರಡು ವರ್ಷಾನ ಬಾಯಿಪಾಠ ಮಾಡಿತ್ತೇ ಹೊರತು ಮಾರ್ಕೆಟ್ ಬಗ್ಗೆ ಏನೂ ಕಲ್ತಿರ್ಲಿಲ್ಲ. ತಗೋ ಅಂದಾಗೆಲ್ಲಾ ಬೆಲೆ ಬಿತ್ತು, ಮಾರು ಅಂದಾಗೆಲ್ಲಾ ಏರ್ತು. ವರ್ಷ ತಿರುಗೋದ್ರೊಳ್ಗೆ ಅಕ್ಕನ ಅಂಗ್ಡಿ ಕನಸು ಮುಗೀತು.

ನಾನು ಸಾರ್ ಮನೆಗೆ ಹೋಗಿ ಕೂಗಾಡ್ದೆ. "ನಿಮ್ಗೆ ಗೊತ್ತಿತ್ತು ಅಲ್ವಾ?"

"ಮೊದ್ಲ ದಿನಾನೇ."

"ಮತ್ಯಾಕೆ ಸುಮ್ನಿದ್ರಿ?"

"ಸುಮ್ನೆ ಎಲ್ಲಿದ್ದೆ? ಎರಡ್ ಸಲ ಕೇಳ್ದೆ."

"ನಮ್ಮಕ್ಕ ಏನ್ ತಪ್ಪು ಮಾಡಿದ್ಲು ಸಾರ್?"

"ನಿನ್ನನ್ನ ನಂಬಿದ್ಲು" ಅಂದ್ರು. ಎದ್ದು ಬಾಗ್ಲು ಹಾಕ್ಕೊಂಡ್ರು.

ಕಟುಕ ಅಂತ ಬೈಕೊಂಡೇ ವಾಪಸ್ ಬಂದೆ. ಈಗ್ಲೂ ಬೈತೀನಿ. ನನಗೆ ಬುದ್ಧಿ ಕಲಿಸೋಕೆ ಅವಳನ್ಯಾಕೆ ಸುಟ್ರು? ಆದ್ರೆ ಅಲ್ಲಿಂದೀಚೆಗೆ ಮಾಡಿದ ಯಾವ ಕೆಲಸದಲ್ಲೂ ನಾನು ಒಂದಂಕಿ ತಿದ್ದಿಲ್ಲ. ಅದೂ ಅವರದ್ದೇ ಋಣ, ಏನ್ಮಾಡೋದು.

ಕೆಲವು ವರ್ಷ ಆದ್ಮೇಲೆ ಸಾರ್ ತೀರ್ಕೊಂಡ್ರು. ಅಕ್ಕ, ನಾನು ಇಬ್ರೂ ಹೋಗಿದ್ವಿ. ವಾಪಸ್ ಬರ್ತಾ ಆಟೋದಲ್ಲಿ ಅಕ್ಕ, "ಪಾಪ, ಅಂಥೋರ್ ಲೆಕ್ಕಾನೇ ತಪ್ಪೋಯ್ತಲ್ಲೋ, ನಿಂದೇನ್ ತಪ್ಪು ಬುಡು" ಅಂತ ನನ್ನ ಬೆನ್ನು ಸವರಿದ್ಲು. ನಾನು ಹೂಂ ಅಂದೆ.

ಅಕ್ಕ ಇವತ್ತಿಗೂ ಅದೇ ಅಂಗ್ಡೀಲಿ ಹೊಲೀತಾಳೆ. ಮಧ್ಯಾಹ್ನ ಒಂದು ಗಂಟೆಗೆ ಊಟಕ್ಕೆ ಕೂತಾಗ ಮೊಬೈಲ್ ತೆಗೀತಾಳೆ. ನಾನು ಏನೇ ಬರೆದ್ರೂ ಮೊದಲ್ನೇ ಲೈಕು ಅವಳದ್ದೇ. ಇದನ್ನೂ ಪೋಸ್ಟ್ ಮಾಡ್ತಿದೀನಿ. ಈಗ ಹನ್ನೆರಡೂವರೆ.