ಎರಡು ತಲೆ ಹಕ್ಕಿಯ ಸಮೋವರ್

ಚಿಂತೆ ಹತ್ತಿದರೆ ಒಂದು ಕಡೆ ಕೂತು ಅಳುವವರ ಪೈಕಿ ನಾನಲ್ಲ. ನನಗೆ ಕೈಕಾಲು ಆಡುತ್ತಲೇ ಇರಬೇಕು. ಆ ಗುರುವಾರ ಕುವೈತಿನ ಜಾಬ್ರಿಯಾದ ಆ ಮನೆಯಲ್ಲಿ ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ, ಮಡಚಿದ ಬಟ್ಟೆಯನ್ನೇ ಬಿಚ್ಚಿ ಮಡಚಿದೆ. ನಾನು ನೋಡಿಕೊಳ್ಳುತ್ತಿದ್ದ ಕುವೈತಿ ಅಜ್ಜಿ ಊಟ ಬಿಟ್ಟು, ಚಾ ಬಿಟ್ಟು, ಗೋಡೆಗೆ ಮುಖ ಹಾಕಿ ಮಲಗಿದ್ದರು. ಶನಿವಾರದೊಳಗೆ ಬಾಯಿಗೆ ಏನೂ ಹೋಗದಿದ್ದರೆ ಮೂಗಿಗೆ ಟ್ಯೂಬ್ ಹಾಕುವುದೇ ಎಂದು ಡಾಕ್ಟರು ಹೇಳಿ ಹೋಗಿದ್ದರು. ಹಾಕಬೇಕಾದವಳು ನಾನೇ. ನರ್ಸ್ ಕೆಲಸದಲ್ಲಿ ಎಷ್ಟೋ ಮೂಗುಗಳಿಗೆ ಹಾಕಿದ್ದೇನೆ. ಈ ಮೂಗಿಗೆ ಮಾತ್ರ ನನ್ನ ಕೈ ಹೋಗುವಂತಿರಲಿಲ್ಲ.

ಅಜ್ಜಿ ಊಟ ಬಿಟ್ಟ ಕಾರಣ ಕೇಳಿದರೆ ನಗುತ್ತೀರಿ. ಒಂದು ಸಮೋವರ್. ಹೊಟ್ಟೆಯಲ್ಲಿ ಕೆಂಡ ಹಾಕಿ ನೀರು ಕಾಯಿಸುವ, ನಲ್ಲಿ ಇರುವ ಹಿತ್ತಾಳೆಯ ದೊಡ್ಡ ಪಾತ್ರೆ. ಅಜ್ಜಿಯ ಅಮ್ಮ ಇರಾನಿನ ಕರಾವಳಿಯಿಂದ ಮದುಮಗಳಾಗಿ ಹಡಗಿನಲ್ಲಿ ಬರುವಾಗ ತಂದದ್ದಂತೆ. ಅಜ್ಜಿಗೆ ಮಕ್ಕಳ ಹೆಸರು ಮರೆತಿತ್ತು, ನನ್ನನ್ನು ದಿನಾ ಹೊಸಬಳೆಂದು ಮಾತಾಡಿಸುತ್ತಿದ್ದರು. ಆದರೆ ಬೆಳಿಗ್ಗೆ ಅಂಗಳದಲ್ಲಿ ಸಮೋವರ್ ಗುಂಯ್‌ಗುಟ್ಟಿತೆಂದರೆ ಎದ್ದು ಬಂದು ತಮ್ಮ ಕೈಯಾರೆ ನಲ್ಲಿ ತಿರುಗಿಸುತ್ತಿದ್ದರು. ಅಡುಗೆಮನೆ ಹೊಸದು ಮಾಡಿಸುವಾಗ ಸೊಸೆ ಹಳೆಯದನ್ನೆಲ್ಲ ಗುಜರಿ ಗಾಡಿಗೆ ಹಾಕಿ, ಕರೆಂಟಿನ ಸ್ಟೀಲ್ ಕೆಟಲ್ ತಂದಿಟ್ಟರು. ಕೆಟ್ಟ ಹೆಂಗಸಲ್ಲ, ಪಾಪ. ಆದರೂ ಆವತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಮನೆಯ ಡ್ರೈವರ್ ಬಂಟ್ವಾಳ ಕಡೆಯ ಬ್ಯಾರಿ. ಗುಜರಿಯ ಮಾಲು ಶುಕ್ರವಾರದ ಸಂತೆಗೆ ಬರುತ್ತದೆಂದು ಹೇಳಿದ್ದು ಅವರೇ.

"ಅಲ್ಲ ಅಕ್ಕ, ಅಷ್ಟು ದೊಡ್ಡ ಸಂತೆಯಲ್ಲಿ ಅದನ್ನು ಗುರ್ತ ಹಿಡಿಯುವುದು ಹೇಗೆ?"

"ಅದರಲ್ಲಿ ಗಂಡಭೇರುಂಡ ಉಂಟು ಮಾರಾಯ್ರೆ! ನಮ್ಮ ಮೈಸೂರಿದು. ಬೇರೆ ಯಾರದ್ರಲ್ಲಿ ಇರ್ತದೆ?"

ನಾನು ಅದನ್ನು ಪೂರಾ ನಂಬಿದ್ದೆ. ಮೊದಲ ದಿನ ಅದನ್ನು ಹುಣಸೆಹುಳಿ ಹಚ್ಚಿ ತಿಕ್ಕುವಾಗ ಎರಡು ತಲೆಯ ಹಕ್ಕಿ ಮೇಲೆದ್ದು ಬಂದಿತ್ತು. ನನ್ನ ಮಾರ್ಕ್ಸ್ ಕಾರ್ಡಿನ ಮೇಲೆ, ಸರಕಾರಿ ಬಸ್ಸಿನ ಮೇಲೆ ನೋಡಿದ ಅದೇ ಹಕ್ಕಿ! ಮೈ ಜುಮ್ಮೆಂದಿತ್ತು. ನಮ್ಮೂರ ಹಕ್ಕಿ ಇರುವ ಮನೆಯಲ್ಲಿ ನನಗೆ ಅನ್ನದ ಋಣ ಬರೆದಿದೆ ಎಂದುಕೊಂಡು ಉಳಿದವಳು ನಾನು. ದಿನಾ ಅದಕ್ಕೊಂದು ನಮಸ್ಕಾರವೂ ಆಗುತ್ತಿತ್ತು, ಯಾರೂ ನೋಡದಂತೆ.

ಶುಕ್ರವಾರ ಬೆಳಿಗ್ಗೆ ಸಂತೆಗೆ ಹೋದೆವು. ಬಿಸಿಲು, ಧೂಳು, ಹಳೆ ಸೋಫಾ, ಗಿಳಿ ಪಂಜರ. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ತಿರುಗಿದೆ. ಕೊನೆಗೆ ಒಬ್ಬರು ಇರಾನಿ ಮುದುಕರ ಅಂಗಡಿಯಲ್ಲಿ ಹಿತ್ತಾಳೆ ಹೊಳೆಯಿತು. ಓಡಿದೆ. ಹಕ್ಕಿ ಇತ್ತು! "ಸಿಕ್ಕಿತು!" ಎಂದು ಕೂಗಿದೆ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಡ್ರೈವರ್ ಕರೆದರು.

"ಅಕ್ಕ, ಇಲ್ಲಿ ಬನ್ನಿ. ಇದರಲ್ಲಿಯೂ ಉಂಟು. ಅದರಲ್ಲಿಯೂ ಉಂಟು. ಎಂಥ ಮಾರಾಯ್ರೆ, ಎಲ್ಲದರಲ್ಲೂ ನಿಮ್ಮ ಹಕ್ಕಿಯೇ!"

ಸಾಲು ಸಾಲು ಸಮೋವರ್, ಸಾಲು ಸಾಲು ಗಂಡಭೇರುಂಡ.

ಮುದುಕರು ಹಿಂದಿ, ಅರಬಿ ಕಲಸಿ ಬಿಡಿಸಿ ಹೇಳಿದರು. ಇವೆಲ್ಲ ರಷ್ಯಾದಲ್ಲಿ ತಯಾರಾದದ್ದು. ಹಕ್ಕಿ ಅಲ್ಲಿಯ ಝಾರ್ ದೊರೆಗಳ ಲಾಂಛನ. ಒಂದು ಕಾಲಲ್ಲಿ ರಾಜದಂಡ, ಇನ್ನೊಂದರಲ್ಲಿ ಗೋಳ. ಉತ್ತರದ ಸಮುದ್ರ ದಾಟಿ ಇರಾನಿಗೆ, ಅಲ್ಲಿಂದ ಮದುಮಕ್ಕಳ ಜೊತೆ ಈ ದಡಕ್ಕೆ. ಹಕ್ಕಿಯ ಸುತ್ತಲಿನ ಬಿಲ್ಲೆಗಳಲ್ಲಿದ್ದ ಗಡ್ಡದ ಮುಖಗಳ ಮೇಲೆ ಬೆರಳಾಡಿಸಿ, "ಈ ರಾಜರೆಲ್ಲ ಖಲಾಸ್. ಚಾ ಉಳಿಯಿತು" ಎಂದು ನಕ್ಕರು.

ನಗು ಬರುವ ಹೊತ್ತಾ ಅದು? ನಮ್ಮ ಹಕ್ಕಿಯ ಉಗುರಿನಲ್ಲಿ ಆನೆ ಇರುತ್ತದೆ. ಇಷ್ಟು ದಿನ ತಿಕ್ಕಿದೆನಲ್ಲ, ಆನೆ ಎಲ್ಲಿ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲವಲ್ಲ! ಹಕ್ಕಿಯೊಂದನ್ನು ಬಿಟ್ಟು ಪಾತ್ರೆಯಲ್ಲಿ ಬೇರೆ ಏನನ್ನೂ ನಾನು ನೋಡಿರಲಿಲ್ಲ. ನೆಗ್ಗು ಎಲ್ಲಿತ್ತು, ಹಿಡಿ ಹೇಗಿತ್ತು, ಒಂದೂ ನೆನಪಿಗೆ ಬರಲಿಲ್ಲ. ಬಿಸಿಲಲ್ಲಿ ನಿಂತು ಅಳು ಬಂತು. ಯಾರದ್ದೋ ದೊರೆಗೆ ದಿನಾ ಕೈಮುಗಿದದ್ದಕ್ಕಲ್ಲ, ಶನಿವಾರದ ಟ್ಯೂಬಿಗೆ.

"ಯಾವುದಾದ್ರೂ ಒಂದು ತೆಗೊಳ್ಳಿ ಅಕ್ಕ. ಅವರಿಗೆ ನೆನಪೇ ಇಲ್ವಲ್ಲ," ಎಂದರು ಡ್ರೈವರ್.

ಅದೇ ಸರಿ ಎನಿಸಿತು. ಇಬ್ಬರೂ ಕೂಡಿ ಒಂದನ್ನು ಕೊಂಡೆವು. ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ಕೂತೆ. ಸಿಗ್ನಲ್ಲಿನಲ್ಲಿ ಕಾರು ನಿಂತರೆ ಜೀವ ಚಡಪಡಿಸುತ್ತಿತ್ತು. ಅಂಗಳದಲ್ಲಿ ಕೆಂಡ ಹಾಕಿದೆ. ಸಮೋವರ್ ಗುಂಯ್‌ಗುಟ್ಟತೊಡಗಿತು.

ಒಳಗಿನಿಂದ ಗೋಡೆ ಹಿಡಿಯುತ್ತ ಅಜ್ಜಿ ಬಂದರು. ಕೂತರು, ಕೈ ಚಾಚಿದರು, ಹಕ್ಕಿಯ ಕಡೆ ನೋಡಲೂ ಇಲ್ಲ. ನಲ್ಲಿಯನ್ನು ಆಚೀಚೆ ತಿರುಗಿಸಿದರು. ಆ ಬೆರಳುಗಳು ನಿಂತವು.

"ಇದು ನನ್ನ ಅಮ್ಮನದ್ದಲ್ಲ," ಎಂದರು. "ಅಮ್ಮನದ್ದರ ನಲ್ಲಿ ಸಡಿಲ. ಕೆಳಗೊಂದು ಬಟ್ಟಲು ಇಡಬೇಕಿತ್ತು."

ಬಾಯಿಯವರೆಗೆ ಬಂದ ಸುಳ್ಳನ್ನು ನುಂಗಿದೆ. "ಅಲ್ಲ ಯುಮ್ಮಾ," ಎಂದೆ. ಯುಮ್ಮಾ ಎಂದರೆ ಇಲ್ಲಿ ಅಮ್ಮ. "ಅದು ಸಿಗಲಿಲ್ಲ. ತುಂಬ ಹುಡುಕಿದೆ."

ಅಜ್ಜಿ ಧೂಳು ಮೆತ್ತಿದ ನನ್ನ ಕೆನ್ನೆಯನ್ನು ಹೆಬ್ಬೆರಳಿನಿಂದ ಒರೆಸಿದರು. ಆಮೇಲೆ ಆ ಬಿಸಿ ಹಿತ್ತಾಳೆಯ ಹತ್ತಿರ ಅಂಗೈ ಹಿಡಿದು, ಮಗುವನ್ನು ವಿಚಾರಿಸುವ ದನಿಯಲ್ಲಿ ಕೇಳಿದರು.

"ಇದೂ ಯಾರದ್ದೋ ಅಮ್ಮನದ್ದೇ ಅಲ್ಲವಾ?"

"ಹೌದು ಯುಮ್ಮಾ."

"ಯಲ್ಲಾ, ಬೇಗ ಲೋಟ ತಾ. ನಿನಗೂ ಒಂದು."