ಬ್ಯಾರೆ ಯಾವ ಗುಳಿಗಿ ತಗೊಳ್ಳಾಕತ್ತೀರಿ?

ಬೆಳಗಿನ ಆರು ಗಂಟೆ. ಘೋಡಗೇರಿಯ ಔಷಧಿ ಅಂಗಡಿಯ ಶಟರ್ ಅರ್ಧ ಏರಿದೆಯಷ್ಟೆ, ಆಗಲೇ ನಾಲ್ಕು ಜನ ನಿಂತಿದ್ದಾರೆ. ಕಬ್ಬು ಕಡಿಯಲು ಹೊರಟವರು. ಬೇಕಿರುವುದು ನೋವಿನ ಗುಳಿಗೆ. ಫಾರ್ಮಸಿಸ್ಟ್ ದಾಕ್ಷಾಯಿಣಿ ಕೊಡುವ ಮೊದಲು ಪ್ರತಿಯೊಬ್ಬರನ್ನೂ ಕೇಳುತ್ತಾರೆ: “ಬ್ಯಾರೆ ಯಾವ ಗುಳಿಗಿ ತಗೊಳ್ಳಾಕತ್ತೀರಿ?”

ನಲವತ್ತೆರಡರ ದಾಕ್ಷಾಯಿಣಿ ಇಲ್ಲಿ ಕೂತು ಹದಿನೇಳು ವರ್ಷ. ದಿನಕ್ಕೆ ತೊಂಬತ್ತು ಮಂದಿ ಬರುತ್ತಾರೆ, ಅವರಲ್ಲಿ ಮೂವತ್ತು ಮಂದಿಗಾದರೂ ಮೈಕೈ ನೋವು. ಗುಳಿಗೆ ಕೊಡಲು ಪೊಲೀಸರ ಹಾಗೆ ವಿಚಾರಣೆ ಯಾಕೆಂದು ಗೊಣಗಿ, ಹೊರಟು ಹೋದವರೂ ಇದ್ದಾರೆ.

ಕಳೆದ ವರ್ಷ ಟ್ರ್ಯಾಕ್ಟರ್ ಚಾಲಕ ಹೊಳೆಪ್ಪ ನೋವಿನ ಗುಳಿಗೆಗೆ ಬಂದಾಗ, ಬೇರೇನೂ ಇಲ್ಲ ಎಂದಿದ್ದರು. ಆದರೆ ಅವರ ಪಾದಗಳು ಬಾತು ಚಪ್ಪಲಿಯ ಪಟ್ಟಿ ಒತ್ತಿ ಗೆರೆ ಮೂಡಿತ್ತು. ದಾಕ್ಷಾಯಿಣಿ ಉಳಿದವರನ್ನು ಕಳಿಸಿ, ಒಳಗೆ ಕೂರಿಸಿ ಮತ್ತೆ ಕೇಳಿದರು. ಆಗ ಜೇಬಿನಿಂದ ಇನ್ನೊಂದು ಗುಳಿಗೆ ಹೊರಬಂತು. ಟೆನೊಫೊವಿರ್. ಲಿವರ್ ಕೆಡಿಸುವ ಹೆಪಟೈಟಿಸ್ ಬಿ ಸೋಂಕಿಗೆ ಗೋಕಾಕದ ಡಾಕ್ಟರು ಬರೆದದ್ದು. ಜನ ದೂರ ಇಟ್ಟಾರೆಂಬ ಅಂಜಿಕೆಯಿಂದ ಹೊಳೆಪ್ಪ ಹೆಂಡತಿಗೂ ಹೇಳಿರಲಿಲ್ಲ. ಮೊಣಕಾಲು ನೋವಿಗೆಂದು ತಿಂಗಳಿಂದ ಅಲ್ಲಿ ಇಲ್ಲಿ ನೋವಿನ ಗುಳಿಗೆ ಕೊಂಡು ನುಂಗುತ್ತಿದ್ದರು. ಬಾವು ಬಂದದ್ದು ಲಿವರ್ ಗುಳಿಗೆಯಿಂದಲೇ ಎಂದುಕೊಂಡು ಅದನ್ನೇ ಬಿಡುವ ಯೋಚನೆಯಲ್ಲಿದ್ದರು.

ಎರಡೂ ಗುಳಿಗೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಪಾದದ ಬಾವು ಅದರ ಗುರುತಿರಬಹುದು ಎಂದು ದಾಕ್ಷಾಯಿಣಿಗೆ ಗೊತ್ತಿತ್ತು. “ಲಿವರ್ ಗುಳಿಗಿ ನೀವಾಗೇ ಬಿಡಬ್ಯಾಡ್ರಿ, ಬಿಟ್ರ ರೋಗ ಮತ್ತ ಏಳತೈತಿ. ನೋವಿಂದು ಬಿಡ್ರಿ. ಇವತ್ತ ಡಾಕ್ಟರ್ ಕಡೆ ಹೋಗ್ರಿ” ಎಂದು, ಎರಡರ ಹೆಸರೂ ಚೀಟಿಯಲ್ಲಿ ಬರೆದು ಗೋಕಾಕದ ಬಸ್ಸು ಹತ್ತಿಸಿದರು.

ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಸೋತಿರುವುದು ಕಂಡಿತು. ನೋವಿನ ಗುಳಿಗೆ ನಿಂತಿತು. ಲಿವರ್ ಔಷಧಿಯನ್ನು ಡಾಕ್ಟರು ತಾವೇ ನೋಡಿಕೊಂಡು ಮುಂದುವರಿಸಿದರು. ಎರಡು ತಿಂಗಳಲ್ಲಿ ಬಾವು ಇಳಿಯಿತು. ಹೊಳೆಪ್ಪ ಈಗ ಮತ್ತೆ ಟ್ರ್ಯಾಕ್ಟರ್ ಹತ್ತಿದ್ದಾರೆ. ಈ ಬರಹದಲ್ಲಿ ತಮ್ಮ ಹೆಸರು ಹಾಕಿ ಎಂದು ಅವರೇ ಹೇಳಿದರು: “ಅಕ್ಕಾರು ಎರಡನೇ ಸಲ ಕೇಳದಿದ್ರ, ನಾ ಖರೆ ಹೇಳ್ತಿದ್ದಿಲ್ರಿ.”

ಮನೆಯಲ್ಲೂ ಬಾಯಿ ಬಿಟ್ಟಿದ್ದಾರೆ. ಪತ್ನಿ ರಾಯವ್ವ ಸಿಟ್ಟಾಗಲಿಲ್ಲ; ಪರೀಕ್ಷೆ ಮಾಡಿಸಿ, ಸೋಂಕಿಲ್ಲವೆಂದು ತಿಳಿದ ಮೇಲೆ ಲಸಿಕೆ ಹಾಕಿಸಿಕೊಂಡಿದ್ದಾರೆ.

ಆ ಸುದ್ದಿ ಹೇಳುವಾಗ ದಾಕ್ಷಾಯಿಣಿಯ ಮುಖ ಅರಳುತ್ತದೆ. “ಹೆಂಡ್ತಿಗೆ ಹೇಳ್ರಿ ಅಂತ ನಾ ಒತ್ತಾಯ ಮಾಡಿದ್ದಿಲ್ರಿ” ಎನ್ನುತ್ತಾರೆ. “ಅವರಿಗೇ ಧೈರ್ಯ ಬಂತು. ಅದ ನನಗ ಭಾಳ ಛಲೋ ಅನಿಸ್ತು.”